ಬ್ಲ್ಯಾಕ್ ಲೇಬಲ್ ಕೊಳ್ಳುವುದಾ, ಶಿವಾಸ್ 12 ಕೊಳ್ಳುವುದಾ?

ಎರಡೂ ಸ್ಕಾಚ್ ವಿಸ್ಕಿ, ಎರಡರ ಬಾಟಲಿ ಮೇಲೂ 12 ವರ್ಷ ಅಂತಲೇ ಇದೆ. ಅದು ಸರಾಸರಿ ಅಲ್ಲ. ಬ್ಲೆಂಡ್‌ಗೆ, ಅಂದರೆ ಹಲವು ವಿಸ್ಕಿಗಳ ಮಿಶ್ರಣಕ್ಕೆ, ಸೇರಿಸಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ) ಇರಲಿ, ಗ್ರೇನ್ ವಿಸ್ಕಿ (ಗೋಧಿ, ಮೆಕ್ಕೆಜೋಳದಂಥ ಧಾನ್ಯದ್ದು) ಇರಲಿ, ಎಲ್ಲಕ್ಕಿಂತ ಎಳೆಯದು ಕೂಡ ಓಕ್ ಪೀಪಾಯಿಯಲ್ಲಿ ಕನಿಷ್ಠ 12 ವರ್ಷ ಕಳೆದಿದೆ ಅಂತ ಅರ್ಥ. ಹಾಗಾಗಿ ವಯಸ್ಸು ನೋಡಿ ಆರಿಸಲು ಆಗುವುದಿಲ್ಲ, ಮೂಗನ್ನೇ ಕೇಳಬೇಕು.

ಜಾನಿ ವಾಕರ್ ಬ್ಲ್ಯಾಕ್ ಲೇಬಲ್‌ನಲ್ಲಿ ಹೊಗೆಯ ವಾಸನೆ ಬೇಗ ಸಿಗುತ್ತದೆ. ಸ್ಕಾಟ್‌ಲೆಂಡಿನ ಐಲಾ ದ್ವೀಪದ ಕಾಲ್ ಈಲಾ ಡಿಸ್ಟಿಲರಿಯ ಮಾಲ್ಟ್ ಇದರಲ್ಲಿದೆ, ಅದರ ಬಾರ್ಲಿಗೆ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ, ಉರಿಯುವ ಮಣ್ಣು) ಸುಟ್ಟ ಹೊಗೆ ಹಿಡಿಸಿರುತ್ತಾರೆ. ಸ್ವಲ್ಪ ತಾಳಿದರೆ ಹಿಂದಿನಿಂದ ಒಣದ್ರಾಕ್ಷಿ, ವೆನಿಲಾ ಬರುತ್ತವೆ. ನುಂಗಿದ ಮೇಲೂ ಹೊಗೆ ಗಂಟಲಲ್ಲಿ ಉಳಿಯುತ್ತದೆ, ನನಗೆ ಇಷ್ಟವಾಗುವುದೇ ಅದು.

ಶಿವಾಸ್ ರೀಗಲ್ ಬೇರೆ ದಾರಿ. ಸ್ಕಾಟ್‌ಲೆಂಡಿನದೇ ಸ್ಪೇಸೈಡ್ ಪ್ರದೇಶದಲ್ಲಿ 1786ರಲ್ಲಿ ಶುರುವಾದ ಸ್ಟ್ರಾತ್‌ಐಲಾ ಡಿಸ್ಟಿಲರಿಯ ಮಾಲ್ಟ್ ಇದರ ಜೀವಾಳ. ಜೇನು, ಮಾಗಿದ ಸೇಬು, ನುಣುಪು. ಹೊಗೆ ಇಲ್ಲವೆಂದೇ ಹೇಳಬಹುದು.

ಸುಮ್ನೆ ಒಂದೊಂದು ದಿನ ಒಂದೊಂದು ಕುಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಾಯಿ ಕಿರಿದಾದ ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಹತ್ತು ನಿಮಿಷ ಬಿಡಿ, ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ, ಒಂದು ಗುಟುಕು ನಾಲಿಗೆ ತುಂಬ ಹರಡಿ, ಆಮೇಲೆ ನಾಲ್ಕು ಹನಿ ನೀರು ಬೆರೆಸಿ ಮತ್ತೆ ನೋಡಿ. ಐಸ್ ಬೇಡ, ತಣ್ಣಗಾದರೆ ವಾಸನೆ ಮುದುಡುತ್ತದೆ. ಯಾರಾದರೂ ಲೋಟ ಅದಲುಬದಲು ಮಾಡಿಟ್ಟರೆ ಇನ್ನೂ ಒಳ್ಳೆಯದು, ಹೆಸರು ಗೊತ್ತಿದ್ದರೆ ನಾಲಿಗೆ ಅದರ ಕಡೆಗೇ ವಾಲುತ್ತದೆ ಅಲ್ವಾ?

ಸೋಡಾ ಜೊತೆಗಾದರೆ ಬ್ಲ್ಯಾಕ್ ಲೇಬಲ್ ತಗೊಳ್ಳಿ, ಹೊಗೆ ಕರಗಿಹೋಗುವುದಿಲ್ಲ. ಶಿವಾಸ್ ಸೋಡಾದಲ್ಲಿ ಜಾಸ್ತಿ ತೆಳುವಾಗುತ್ತದೆ. ಏನೂ ಬೆರೆಸದೆ ಮೊದಲ ಸಲ ರುಚಿ ನೋಡುವವರಿಗೆ ಮಾತ್ರ ನಾನು ಶಿವಾಸನ್ನೇ ಕೊಡುತ್ತೇನೆ.