ದೇವಸ್ಥಾನದ ಮದುವೆ ಪತ್ರ ಇಟ್ಟುಕೊಂಡು ಅಮೆರಿಕ ವೀಸಾಕ್ಕೆ ಅರ್ಜಿ ಹಾಕಬೇಡಿ

ಗಂಡನೋ ಹೆಂಡತಿಯೋ ಅಮೆರಿಕದಲ್ಲಿದ್ದು, ಮದುವೆ ಇಲ್ಲಿ ನಡೆದು, ಈಗ ವೀಸಾಕ್ಕೆ ಕಾಗದ ಜೋಡಿಸುತ್ತಿರುವವರು ಇದನ್ನು ಪೂರ್ತಿ ಓದಿ. "ದೇವಸ್ಥಾನದವರು ಕೊಟ್ಟ ಸರ್ಟಿಫಿಕೇಟ್ ಸಾಕು, ನೋಟರಿ ನಾವೇ ಮಾಡಿಸ್ತೀವಿ" ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಅದು ಸಾಕಾಗುವುದಿಲ್ಲ.

ನನ್ನ ಹೆಂಡತಿ ಅಮೆರಿಕದ ಪ್ರಜೆ, ನಾನು ಇಲ್ಲಿಯವನು. ಮದುವೆ ದೇವಸ್ಥಾನದಲ್ಲಿ, ಎರಡೂ ಕಡೆಯವರ ಮುಂದೆ, ಶಾಸ್ತ್ರೋಕ್ತವಾಗಿಯೇ ಆಯಿತು. ಮಾವನವರಿಗೆ ಯಾರೋ ಒಬ್ಬ ಏಜೆಂಟ್‌ನ ಪರಿಚಯ ಮಾಡಿಸಿದ್ದರು. ಲಗ್ನಪತ್ರಿಕೆ ಹಂಚುವ ಹೊತ್ತಿಗೇ ಅವನಿಗೆ ಮುಂಗಡ ಸೇರಿತ್ತು. ವೀಸಾ ಕೈಗೆ ಬರುವವರೆಗೂ ತನ್ನದೇ ಜವಾಬ್ದಾರಿ ಎಂದಿದ್ದ. ಮದುವೆ ನೋಂದಣಿ ಮಾಡಿಸಬೇಕಲ್ವಾ ಎಂದು ಮಾವನವರು ಕೇಳಿದ್ದಕ್ಕೆ, "ಸಾರ್, ಸುಮ್ನೆ ಆಫೀಸು ಅಲೆಯೋದ್ಯಾಕೆ, ಇದೇ ನಡೆಯುತ್ತೆ" ಎಂದ.

ಆ ದೇವಸ್ಥಾನದ ಪತ್ರ ಹೇಗಿತ್ತು ಅಂದರೆ, ಮೇಲೆ ದೇವರ ಚಿತ್ರ, ಕೆಳಗೆ ಮುಹೂರ್ತ, ಗೋತ್ರ, ಅರ್ಚಕರ ಸಹಿ, ಒಂದು ನೇರಳೆ ಮುದ್ರೆ. ಏಜೆಂಟ್ ಅದಕ್ಕೆ ಛಾಪಾ ಕಾಗದದ ಅಫಿಡವಿಟ್ ಸೇರಿಸಿ, ನೋಟರಿಯ ಕೆಂಪು ಸ್ಟಿಕ್ಕರ್ ಅಂಟಿಸಿ, ಹಸಿರು ದಾರ ಪೋಣಿಸಿ ಕೊಟ್ಟ. ನೋಡಿದರೆ ಯಾರಿಗಾದರೂ ಭಯಭಕ್ತಿ ಬರಬೇಕು. ಅದನ್ನೇ ಲಗತ್ತಿಸಿ ನನ್ನ ಹೆಂಡತಿಯ ಹೆಸರಿನಲ್ಲಿ ಐ-130, ಅಂದರೆ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು ಮೊದಲು ಹಾಕುವ ಅರ್ಜಿ, ಹೋಯಿತು.

ತಿಂಗಳುಗಟ್ಟಲೆ ಕಾದ ಮೇಲೆ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ನಿಂದ ಬಂದದ್ದು ಮಂಜೂರಾತಿ ಅಲ್ಲ, ಆರ್‌ಎಫ್‌ಇ. ಅಂದರೆ ಇನ್ನಷ್ಟು ಸಾಕ್ಷ್ಯ ಕೊಡಿ ಎಂಬ ನೋಟಿಸು. ದೇವಸ್ಥಾನದ ಪತ್ರ ಸಾಲದು, ಸರ್ಕಾರಿ ನೋಂದಣಾಧಿಕಾರಿ ಕೊಟ್ಟ ವಿವಾಹ ಪ್ರಮಾಣ ಪತ್ರ ಕಳಿಸಿ ಎಂದು ಅದರಲ್ಲಿತ್ತು. ಈ ನೋಟಿಸಿನ ನಿಯಮ ಬಿಗಿ. ಇಂಥ ಅರ್ಜಿಗೆ ಸಾಮಾನ್ಯವಾಗಿ 84 ದಿನ ಕೊಡುತ್ತಾರೆ, ಅಂಚೆಗೆಂದು ಮೇಲೆ ಕೆಲವು ದಿನ. ವಾಯಿದೆ ಕೇಳಿದರೆ ಸಿಗುವುದಿಲ್ಲ. ಉತ್ತರ ಒಂದೇ ಸಲ. ಅರ್ಧ ಕಾಗದ ಈಗ, ಉಳಿದದ್ದು ಆಮೇಲೆ ಎಂದು ಕಳಿಸಿದರೆ ಆ ಅರ್ಧವನ್ನೇ ಪೂರ್ತಿ ಉತ್ತರ ಎಂದು ಲೆಕ್ಕ ಹಾಕಿ ತೀರ್ಮಾನ ಮಾಡುತ್ತಾರೆ.

ಏಜೆಂಟ್‌ಗೆ ಫೋನ್ ಮಾಡಿದರೆ, "ಅಪೋಸ್ಟಿಲ್ ಇಲ್ದೇ ಇರೋದಕ್ಕೆ ಹೀಗಾಗಿದೆ ಸಾರ್, ಅದೊಂದು ಹಾಕಿಸಿಬಿಡೋಣ" ಎಂದು ಹೊಸ ಬಿಲ್ಲು ತೆಗೆದ. ಅಪೋಸ್ಟಿಲ್ ಎಂದರೆ ವಿದೇಶಾಂಗ ಸಚಿವಾಲಯ ಅಂಟಿಸುವ ಒಂದು ಚೀಟಿ. ಈ ಚೀಟಿಯನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಆದರೆ ಅದು ಹೇಳುವುದು, ಕಾಗದದ ಮೇಲಿನ ಸಹಿ, ಮುದ್ರೆ ಇಂಥ ಅಧಿಕಾರಿಯದ್ದೇ ಎಂದು ಮಾತ್ರ. ಒಳಗಿರುವ ವಿಷಯ ನಿಜವೋ ಸುಳ್ಳೋ ಅದಕ್ಕೆ ಗೊತ್ತಿಲ್ಲ. ನೋಂದಣಿಯೇ ಆಗದ ಮದುವೆಯನ್ನು ಅದು ನೋಂದಣಿ ಮಾಡುವುದಿಲ್ಲ. ಅಮೆರಿಕದ ಈ ವೀಸಾಕ್ಕೆ ಭಾರತದ ಮದುವೆ ಪತ್ರದ ಮೇಲೆ ಅಪೋಸ್ಟಿಲ್ ಕೇಳುವುದೂ ಇಲ್ಲ. ದುಬೈಗೆ ಹೋಗುವವರಿಗೆ ಅಟೆಸ್ಟೇಷನ್ ಬೇಕಾಗುತ್ತದೆ, ಅದೇ ಅಭ್ಯಾಸದಲ್ಲಿ ಅಮೆರಿಕಕ್ಕೂ ಅದೇ ಪ್ಯಾಕೇಜ್ ಮಾರುತ್ತಾರೆ ಅಂತ ನನ್ನ ಅನುಮಾನ.

ನಾವು ಒಪ್ಪಲಿಲ್ಲ. ಆಗ ಅವನು ಇನ್ನೊಂದು ಉಪಾಯ ಹೇಳಿದ. "ಮೇಡಂ ಅಮೆರಿಕನ್ ಅಲ್ವಾ, ಅದಕ್ಕೆ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಹೊಸದಾಗಿ ಕೋರ್ಟ್ ಮ್ಯಾರೇಜ್ ಮಾಡಿಸೋಣ." ಎಲ್ಲಕ್ಕಿಂತ ಅಪಾಯದ ಸಲಹೆ ಇದೇ. 1954ರ ಆ ಕಾಯ್ದೆಯಲ್ಲಿ 30 ದಿನದ ನೋಟಿಸ್ ಇದೆ, 84ರಲ್ಲಿ ಅಷ್ಟು ಅಲ್ಲಿಯೇ ಹೋಗುತ್ತದೆ. ಅದಿರಲಿ, ಹೊಸ ಮದುವೆ ಎಂದರೆ ಹೊಸ ತಾರೀಕು. ಐ-130ರಲ್ಲಿ ಒಂದು ದಿನಾಂಕ, ಪ್ರಮಾಣ ಪತ್ರದಲ್ಲಿ ಇನ್ನೊಂದು. ಅರ್ಜಿ ಹಾಕಿದ ದಿನ ನಿಮಗೆ ಮದುವೆಯೇ ಆಗಿರಲಿಲ್ಲವಾ ಎಂದು ಅಧಿಕಾರಿ ಕೇಳಿದರೆ ಏನು ಹೇಳುವುದು? ತಾರೀಕಿನಿಂದ ಇನ್ನೊಂದೂ ತೀರ್ಮಾನವಾಗುತ್ತದೆ. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1, ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ತುಂಬಿದ್ದರೆ ಐಆರ್-1, ಹತ್ತು ವರ್ಷದ್ದು.

ನಿಜವಾಗಿ ಬೇಕಿದ್ದದ್ದು ಬಹಳ ಸರಳ. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಆಗಿಹೋದ ಮದುವೆಯನ್ನೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸುವುದು. ಮದುವೆ ದಿನಾಂಕ ತಾಳಿ ಕಟ್ಟಿದ ದಿನವೇ ಇರುತ್ತದೆ, ನೋಂದಣಿ ದಿನಾಂಕ ಬೇರೆ. ತಡವಾಗಿ ನೋಂದಣಿ ಮಾಡಿಸಿದರೆ ಮದುವೆ ಊರ್ಜಿತವಲ್ಲ ಎಂದಾಗುವುದಿಲ್ಲ. ಆ ಕಾಯ್ದೆ ಕೇಳುವುದು ಇಬ್ಬರೂ ಹಿಂದೂಗಳೇ ಎಂದು, ಪಾಸ್‌ಪೋರ್ಟ್ ಯಾವ ದೇಶದ್ದು ಎಂದಲ್ಲ. ಇಬ್ಬರೂ ಬೇರೆ ಬೇರೆ ಧರ್ಮದವರಾದರೆ ಮಾತು ಬೇರೆ.

ಯಾವ ಕಾಗದ ನಡೆಯುತ್ತದೆ ಎನ್ನುವುದು ಗುಟ್ಟಿನ ವಿಷಯವೂ ಅಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ ವೀಸಾ ಜಾಲತಾಣದಲ್ಲಿ ರೆಸಿಪ್ರಾಸಿಟಿ ಎಂಬ ಪುಟವಿದೆ. ದೇಶದ ಹೆಸರು ಒತ್ತಿದರೆ ಜನನ, ಮದುವೆ, ವಿಚ್ಛೇದನ, ಪೊಲೀಸ್ ಪತ್ರ ಎಲ್ಲಕ್ಕೂ ಯಾರು ಕೊಟ್ಟ ಕಾಗದ ಬೇಕು ಎಂದು ಬರೆದಿದ್ದಾರೆ. ಮದುವೆ ನೇಪಾಳದಲ್ಲಿ ಆಗಿದ್ದರೆ ನೇಪಾಳದ ಪುಟ, ಥಾಯ್ಲೆಂಡಿನಲ್ಲಿ ಆಗಿದ್ದರೆ ಥಾಯ್ಲೆಂಡಿನ ಪುಟ ನೋಡಬೇಕು. ಅವರ ಲೆಕ್ಕದಲ್ಲಿ ಮದುವೆ ನಡೆದ ಜಾಗದ ಕಾನೂನೇ ಮುಖ್ಯ. ಏಜೆಂಟ್‌ಗೆ ಒಂದು ರೂಪಾಯಿ ಕೊಡುವ ಮೊದಲು ಆ ಪುಟ ತೆರೆದು ಅವನ ಮುಂದೆ ಹಿಡಿಯಿರಿ. ಮುಖ ನೋಡಿದರೆ ಗೊತ್ತಾಗುತ್ತದೆ.

ನೋಂದಣಿಗೆ ಇಬ್ಬರೂ ಬೇಕು. ನನ್ನ ಹೆಂಡತಿ ಕೆಲಸಕ್ಕೆ ರಜೆ ಹಾಕಿ, ಕೊನೆ ಗಳಿಗೆಯ ದುಬಾರಿ ಟಿಕೆಟ್ ತೆಗೆದುಕೊಂಡು ಬರಬೇಕಾಯಿತು. ಮದುವೆಗೆ ಬಂದಿದ್ದಾಗಲೇ ಮುಗಿಯಬಹುದಾಗಿದ್ದ ಕೆಲಸ. ನನಗೆ ಇವತ್ತಿಗೂ ಸಿಟ್ಟು ಬರುವುದು ಏಜೆಂಟ್ ತಿಂದ ದುಡ್ಡಿಗಲ್ಲ, ಇದಕ್ಕೆ.

ಲಗ್ನಪತ್ರಿಕೆ, ಮದುವೆ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು, ಇಷ್ಟು ಇದ್ದರೆ ನೋಂದಣಿ ದೊಡ್ಡ ವಿಷಯವಲ್ಲ. ಕರ್ನಾಟಕದಲ್ಲಿ ಕಾವೇರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ದೊಡ್ಡ ವಿಷಯ ಎಂದರೆ ಹೆಸರು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಬರೀ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಆಫೀಸಿನ ಆಪರೇಟರ್ ಆಧಾರ್ ನೋಡಿ ನನ್ನ ಹೆಸರು ಹೊಡೆದಿದ್ದ. ಹೆಂಡತಿಯ ಹೆಸರಿನ ಮುಂದೆ ಯಾರೂ ಕೇಳದಿದ್ದರೂ ನನ್ನ ಹೆಸರು ಸೇರಿಸಿದ್ದ. "ಮದುವೆ ಆಯ್ತಲ್ಲ ಮೇಡಂ" ಎಂದ. ಅವಳು ಪಾಸ್‌ಪೋರ್ಟ್ ತೆಗೆದು ಕೀಬೋರ್ಡ್ ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರ ಹೇಳಿ ಹೊಡೆಸಿದಳು. ಸಹಿ ಹಾಕುವ ಮೊದಲು ಪರದೆಯ ಮೇಲೆ ಹೆಸರು, ಹುಟ್ಟಿದ ದಿನ, ಮದುವೆ ದಿನ ಮೂರನ್ನೂ ಓದಿ. ಪ್ರಿಂಟ್ ಆದ ಮೇಲೆ ತಿದ್ದುಪಡಿ ಮಾಡಿಸುವುದು ಇನ್ನೊಂದು ಯಾತ್ರೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಅದನ್ನು ಹೊರಡುವ ಮುಂಚೆಯೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರಮಾಣ ಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಏಜೆಂಟ್ ಮೊದಲು ಮಾಡಿಸಿದ್ದ ಅನುವಾದದ ಕೆಳಗೆ ಒಂದು ರಬ್ಬರ್ ಸ್ಟ್ಯಾಂಪ್ ಬಿಟ್ಟರೆ ಏನೂ ಇರಲಿಲ್ಲ. ಬೇಕಾದದ್ದು ಸ್ಟ್ಯಾಂಪ್ ಅಲ್ಲ. ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಇದು ಪೂರ್ತಿ ಮತ್ತು ಸರಿಯಾದ ಅನುವಾದ ಎಂದು ಅನುವಾದಕರು ಬರೆದು ಸಹಿ ಹಾಕಿರಬೇಕು. ನೋಟರಿ ಕಡ್ಡಾಯವಲ್ಲ. ಎರಡೂ ಭಾಷೆ ಬಲ್ಲ ಯಾರು ಬೇಕಾದರೂ ಮಾಡಬಹುದು, ಗಂಡ ಹೆಂಡತಿ ತಾವೇ ಮಾಡದಿದ್ದರೆ ಒಳ್ಳೆಯದು. ಮುದ್ರೆಯೊಳಗಿನ ಅಕ್ಷರ, ಹಿಂಬದಿಯ ಬರಹ ಯಾವುದನ್ನೂ ಬಿಡಬಾರದು.

ಎಲ್ಲವನ್ನೂ ಒಟ್ಟಿಗೆ ಕಳಿಸಿದೆವು. ಐ-130 ಮಂಜೂರಾಯಿತು. ಈಗ ಕಡತ ಎನ್‌ವಿಸಿಯಲ್ಲಿದೆ, ಅಂದರೆ ಸಂದರ್ಶನಕ್ಕೆ ಮೊದಲು ಶುಲ್ಕ, ಕಾಗದ ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ನಲ್ಲಿ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಪ್ರಾಯೋಜಕರ ಅಫಿಡವಿಟ್‌ಗೆ 120 ಡಾಲರ್, ಎರಡನ್ನೂ ಅವರ ಜಾಲತಾಣದಲ್ಲಿ ನೀವೇ ಕಟ್ಟಬಹುದು. "ಎಂಬೆಸಿ ಚಾರ್ಜ್" ಎಂದು ಯಾರಾದರೂ ನಗದು ಕೇಳಿದರೆ ರಸೀದಿ ಕೇಳಿ. ಮೂಲ ಪ್ರಮಾಣ ಪತ್ರವನ್ನು ಏಜೆಂಟ್ ಹತ್ತಿರ ಬಿಡಬೇಡಿ. ಅಪ್‌ಲೋಡ್‌ಗೆ ಸ್ಕ್ಯಾನ್ ಸಾಕು, ಸಂದರ್ಶನದ ದಿನ ಮೂಲವೇ ಬೇಕು. ನಮ್ಮ ಏಜೆಂಟ್ ಹಳೆಯ ಕಾಗದ ವಾಪಸ್ ಕೊಡಲು ಬಾಕಿ ದುಡ್ಡು ಕೇಳಿದ್ದ.

ಈಗಾಗಲೇ ದೇವಸ್ಥಾನದ ಅಥವಾ ಕಲ್ಯಾಣ ಮಂಟಪದ ಪತ್ರ ಇಟ್ಟು ಐ-130 ಹಾಕಿಬಿಟ್ಟಿದ್ದರೆ ಅರ್ಜಿ ವಾಪಸ್ ತೆಗೆಯುವ ಅಗತ್ಯವಿಲ್ಲ. ನೋಟಿಸ್ ಬರುವವರೆಗೂ ಕಾಯಬೇಡಿ. ಮುಂದಿನ ಸಲ ಇಬ್ಬರೂ ಊರಿನಲ್ಲಿರುವಾಗ ನೋಂದಣಿ ಮುಗಿಸಿ, ಅನುವಾದದ ಜೊತೆ ಸ್ಕ್ಯಾನ್ ಮಾಡಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದವರು ಯುಎಸ್‌ಸಿಐಎಸ್ ಖಾತೆಯಲ್ಲಿ, ಅವರು ಕೇಳುವ ಮೊದಲೇ ಹೆಚ್ಚುವರಿ ದಾಖಲೆಯಾಗಿ ಅದನ್ನು ಸೇರಿಸಬಹುದು.