ವಾರಂಟಿ ಇರುವ ಬೈಕಿಗೆ ನಾವೇ ಕೈ ಹಾಕಬಹುದಾ? ಶೋರೂಮ್, ಊರ ಗ್ಯಾರೇಜ್, ಮನೆಯಂಗಳ

ಹೊಸ ಬೈಕ್ ತಗೊಂಡವರ ಕಿವಿಗೆ ಎರಡು ಮಾತು ಬೀಳುತ್ತಲೇ ಇರುತ್ತವೆ. "ಒಂದು ನಟ್ ಮುಟ್ಟಿದ್ರೂ ವಾರಂಟಿ ಹೋಯ್ತು" ಅಂತ ಒಬ್ಬರು. "ಶೋರೂಮಿಗೆ ಸುಮ್ನೆ ಯಾಕೆ ದುಡ್ಡು ಸುರೀತೀಯ, ಎಲ್ಲಾ ಮನೇಲೇ ಮಾಡ್ಕೋ" ಅಂತ ಇನ್ನೊಬ್ಬರು. ನನಗೆ ಎರಡೂ ಒಪ್ಪಿಗೆಯಿಲ್ಲ.

ನನ್ನ ಹತ್ತಿರ ಎರಡು ಬೈಕ್ ಇವೆ. ಒಂದು ಹಳೆಯ 150 ಸಿಸಿ, ಕಾರ್ಬ್ಯುರೇಟರ್ ಕಾಲದ್ದು. ಅದರ ವಾರಂಟಿ ಯಾವಾಗಲೋ ಮುಗಿದಿದೆ. ಇನ್ನೊಂದು 160 ಸಿಸಿ, ಬಿಎಸ್6 (ಈಗಿನ ಹೊಗೆ ನಿಯಂತ್ರಣದ ಮಾನದಂಡ), ಫ್ಯುಯೆಲ್ ಇಂಜೆಕ್ಷನ್ ಇರುವುದು. ಅದಿನ್ನೂ ವಾರಂಟಿಯಲ್ಲಿದೆ. ಓಡಾಟ ಹೆಚ್ಚಾಗಿ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಕಡೆ. ಮಳೆಗಾಲದಲ್ಲಿ ಅಲ್ಲಿ ಚೈನು, ಬ್ರೇಕು, ಕೇಬಲ್ಲುಗಳಿಗೆ ಬಿಡುವೇ ಇರುವುದಿಲ್ಲ. ಈ ಎರಡು ಗಾಡಿಗಳ ಮೇಲೆ ಮೂರು ದಾರಿಗಳನ್ನೂ ನೋಡಿದ್ದೇನೆ: ಎಲ್ಲವನ್ನೂ ಶೋರೂಮಿಗೆ ಬಿಡುವುದು, ಪರಿಚಯದ ಗ್ಯಾರೇಜಿಗೆ ಕೊಡುವುದು, ಮನೆಯಂಗಳದಲ್ಲಿ ನಾನೇ ಮಾಡುವುದು.

ಹೋಲಿಸುವ ಮೊದಲು ಗಾಡಿಯ ಜೊತೆ ಬಂದ ಪುಸ್ತಕ ತೆಗೆಯಿರಿ. ಅದರಲ್ಲಿ ಎರಡು ಭಾಗ ಇರುತ್ತದೆ, ಬಹಳ ಜನ ಒಂದನ್ನೇ ಓದುತ್ತಾರೆ. ಮೊದಲನೆಯದು ಸರ್ವೀಸ್ ಪಟ್ಟಿ: ಮೊದಲ ಸರ್ವೀಸ್ 500ರಿಂದ 1,000 ಕಿ.ಮೀ. ಒಳಗೆ, ಆಮೇಲೆ ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ವಾರಂಟಿ ಉಳಿಯಬೇಕಾದರೆ ಇವನ್ನೆಲ್ಲ ಕಂಪನಿಯ ಅಧಿಕೃತ ಸೆಂಟರಿನಲ್ಲೇ ಮಾಡಿಸಬೇಕು ಎಂದು ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಬರೆದಿರುತ್ತಾರೆ. ಎರಡನೆಯದು ಮಾಲೀಕರು ಮಾಡಬೇಕಾದ ಕೆಲಸ. ಓಡಿಸುವ ಮೊದಲು ಆಯಿಲ್ ಮಟ್ಟ, ಟೈರಿನ ಗಾಳಿ, ಬ್ರೇಕ್, ಲೈಟ್ ನೋಡುವುದು. ಸುಮಾರು 500 ಕಿ.ಮೀ.ಗೊಮ್ಮೆ ಚೈನ್ ಸ್ವಚ್ಛ ಮಾಡಿ ಎಣ್ಣೆ ಹಾಕುವುದು. ಅಂದರೆ ಮನೆಯಲ್ಲಿ ಸ್ಪಾನರ್ ಹಿಡಿಯುವುದು ವಾರಂಟಿಗೆ ವಿರುದ್ಧವಲ್ಲ. ಒಂದಷ್ಟು ಕೆಲಸವನ್ನು ಕಂಪನಿಯೇ ನಮ್ಮ ಪಾಲಿಗೆ ಬರೆದುಕೊಟ್ಟಿದೆ. ಅದನ್ನು ಮಾಡದೆ ಚೈನ್ ತುಕ್ಕು ಹಿಡಿದರೆ ವಾರಂಟಿ ಕೇಳುವ ಹಾಗೂ ಇಲ್ಲ. ಚೈನ್ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ), ಬ್ರೇಕ್ ಶೂ, ಪ್ಯಾಡ್, ಕ್ಲಚ್ ಪ್ಲೇಟ್, ಫಿಲ್ಟರ್, ಪ್ಲಗ್ ಎಲ್ಲ ಸವೆಯುವ ಸಾಮಾನು ಎಂದು ಸಾಮಾನ್ಯವಾಗಿ ಮೊದಲೇ ಹೊರಗಿಟ್ಟಿರುತ್ತಾರೆ.

ಶೋರೂಮ್

ಹೊಸ ಬೈಕನ್ನು ಮೊದಲು ಪೂರ್ತಿಯಾಗಿ ಶೋರೂಮಿಗೇ ಬಿಟ್ಟು ನೋಡಿದೆ. ಅಲ್ಲಿ ಸಿಗುವ ದೊಡ್ಡ ಲಾಭ ಜಾಬ್ ಕಾರ್ಡ್, ಅಂದರೆ ಮಾಡಿದ ಕೆಲಸದ ದಾಖಲೆ. ಯಾವ ದಿನ, ಎಷ್ಟು ಕಿ.ಮೀ., ಯಾವ ಆಯಿಲ್ ಎಲ್ಲವೂ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಇಂಜಿನ್ ಚೆಕ್ ಲೈಟ್ ಹತ್ತಿದರೆ ಏನಾಗಿದೆ ಎಂದು ಓದುವ ಸ್ಕ್ಯಾನರ್ ಅವರ ಬಳಿ ಇದೆ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಇದು ಸಣ್ಣ ವಿಷಯವಲ್ಲ. ಫ್ರೀ ಸರ್ವೀಸ್ ಅಂದರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರಿನ ದುಡ್ಡು ಕೊಡಲೇಬೇಕು. ಆದರೂ ಬಿಡಬೇಡಿ.

ಕೊರತೆ ಇರುವುದು ಸಣ್ಣ ಕೆಲಸಗಳಲ್ಲಿ. ಬೆಳಿಗ್ಗೆ ಸಾಲಾಗಿ ಗಾಡಿ ನಿಂತಿರುತ್ತವೆ, ಸಂಜೆಯೊಳಗೆ ಎಲ್ಲ ಹೊರಗೆ ಹೋಗಬೇಕು. ಚೈನಿನ ಮೇಲೆ ವಾಟರ್ ಸರ್ವೀಸಿನ ನೀರು ಆರುವ ಮೊದಲೇ ಎಣ್ಣೆ ಬಿದ್ದಿರುತ್ತದೆ. ನನ್ನ ಗಾಡಿಯ ಚೈನ್ ಒಂದು ಸಲ ವೀಣೆಯ ತಂತಿಯಂತೆ ಬಿಗಿಯಾಗಿ ಬಂದಿತ್ತು. ಬಿಗಿ ಇದ್ದರೆ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ಸೀಟಿನ ಮೇಲೆ ಕೂತು ಹಿಂದಿನ ಶಾಕ್ ಅಬ್ಸಾರ್ಬರ್ ಇಳಿದಾಗ, ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚಾಗುತ್ತದೆ, ಚೈನ್ ಇನ್ನಷ್ಟು ಎಳೆಯುತ್ತದೆ. ಅದಕ್ಕೆ ಜಾಗ ಇಲ್ಲದಿದ್ದರೆ ಆ ಭಾರ ಬೀಳುವುದು ಗೇರ್ ಬಾಕ್ಸಿನ ಶಾಫ್ಟ್ ಮತ್ತು ಬೇರಿಂಗ್ ಮೇಲೆ. ಚೈನಿನ ಕೆಳಗಿನ ಭಾಗದ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಬಹುತೇಕ ಗಾಡಿಗಳಲ್ಲಿ 20ರಿಂದ 35 ಮಿ.ಮೀ.ನಷ್ಟು ಸಡಿಲ ಇರಬೇಕು. ನಿಮ್ಮ ಗಾಡಿಯ ಸರಿಯಾದ ಅಳತೆ ಪುಸ್ತಕದಲ್ಲಿ ಅಥವಾ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರಿನಲ್ಲಿ ಸಿಗುತ್ತದೆ. ಗಾಡಿ ಬಿಡಿಸಿಕೊಳ್ಳುವಾಗ ಅಲ್ಲೇ ಬೆರಳಿಟ್ಟು ನೋಡಿ.

ಲೆಕ್ಕ ಹಾಕಿ. 3,000 ಕಿ.ಮೀ.ಗೊಮ್ಮೆ ಸರ್ವೀಸ್ ಇದ್ದರೆ ಚೈನಿಗೆ ಅಷ್ಟರಲ್ಲಿ ಆರು ಸಲ ಎಣ್ಣೆ ಬೇಕು. ಶೋರೂಮ್ ಹಾಕುವುದು ಒಂದು ಸಲ. ಸರ್ವೀಸ್ ಇನ್ನೂ ದೂರ ಇರುವ ಗಾಡಿಗಳಲ್ಲಿ ಈ ಅಂತರ ಇನ್ನೂ ಜಾಸ್ತಿ. ಶೋರೂಮನ್ನೇ ಪೂರ್ತಿ ನಂಬಿದರೆ ವಾರಂಟಿ ಉಳಿಯುತ್ತದೆ, ಗಾಡಿ ಸೊರಗುತ್ತದೆ.

ಊರ ಗ್ಯಾರೇಜ್

ಹಳೆಯ ಬೈಕ್ ಇವತ್ತಿಗೂ ಓಡುತ್ತಿರುವುದು ನಮ್ಮ ಏರಿಯಾದ ಮೆಕ್ಯಾನಿಕ್‌ನಿಂದ. ಸದ್ದು ಕೇಳಿಯೇ ಟ್ಯಾಪೆಟ್ಟೋ ಟೈಮಿಂಗ್ ಚೈನೋ ಹೇಳುತ್ತಾರೆ. "ಅಣ್ಣಾ, ಇದನ್ನ ಈಗ ಬದಲಾಯಿಸ್ಬೇಡಿ, ಇನ್ನಾರು ತಿಂಗಳು ಬರುತ್ತೆ" ಎಂದು ಹೇಳುವವರು ಅವರೊಬ್ಬರೇ. ಕೂಲಿಯೂ ಕಡಿಮೆ.

ಆದರೆ ಹೊಸ ಬೈಕಿಗೆ ನಾನು ಅಲ್ಲಿಗೆ ಹೋಗುವುದು ಪಂಕ್ಚರ್‌ಗೆ, ಗಾಳಿಗೆ ಮಾತ್ರ. ವಾರಂಟಿ ಲೆಕ್ಕದಲ್ಲಿ ಮೂರರಲ್ಲಿ ಇದೇ ಹೆಚ್ಚು ಅಪಾಯದ ದಾರಿ. ಕೈಗೆ ಬಿಲ್ ಸಿಗುವುದು ಕಷ್ಟ, ಕಂಪನಿಯ ದಾಖಲೆಯಲ್ಲೂ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ವೈರಿಂಗ್ ನನಗೆ ಭಯ. ಫಾಗ್ ಲೈಟ್, ಜೋರಾದ ಹಾರ್ನ್, ಮೊಬೈಲ್ ಚಾರ್ಜರ್ ಹಾಕಲು ಮೂಲ ವೈರನ್ನು ಕತ್ತರಿಸಿ ಟೇಪ್ ಸುತ್ತಿದರೆ, ನಾಳೆ ಎಲೆಕ್ಟ್ರಿಕಲ್ ತೊಂದರೆ ಏನೇ ಬಂದರೂ ಶೋರೂಮಿನವರು ಬೆರಳು ತೋರಿಸುವುದು ಆ ಟೇಪಿನ ಕಡೆಗೇ. ಲೈಟ್ ಬೇಕೇ ಬೇಕು ಅಂದರೆ ಕಂಪನಿಯ ಆಕ್ಸೆಸರಿಯನ್ನೇ ಶೋರೂಮಿನಲ್ಲಿ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಸೈಲೆನ್ಸರ್ ಬದಲಾಯಿಸುವ ಆಸೆ ಇದ್ದರೆ ವಾರಂಟಿ ಮುಗಿಯುವ ತನಕ ತಡೆದುಕೊಳ್ಳಿ.

ಘಾಟಿಯಲ್ಲಿ ಗಾಡಿ ನಿಂತರೆ ಆ ಮಾತೇ ಬೇರೆ. ಅಲ್ಲಿ ಯಾರು ಸಿಕ್ಕರೂ ಸರಿ, ಮೊದಲು ಮನೆ ಸೇರಬೇಕು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ತೆಗೆದ ಸಾಮಾನನ್ನು ಬಿಸಾಡದೆ ತನ್ನಿ, ಮುಂದಿನ ಸರ್ವೀಸಿನಲ್ಲಿ ಅದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ.

ಮನೆಯಂಗಳ

ನನಗೆ ಇಷ್ಟದ ಭಾಗ ಇದೇ. ಹಳೆಯ ಬೈಕಿನ ಆಯಿಲ್ ನಾನೇ ಬದಲಾಯಿಸುತ್ತೇನೆ. ಇಂಜಿನ್ ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿ, ಆಯಿಲ್ ಪೂರ್ತಿ ಇಳಿಯಲು ಬಿಟ್ಟು, ಹೊಸ ವಾಷರ್ ಹಾಕಿ, ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಎಂದು ಅಳೆಯುವ ಸ್ಪಾನರ್) ಪುಸ್ತಕದ ಅಳತೆಗೆ ಬಿಗಿ ಮಾಡಿದರೆ ಆಯಿತು. ಅಲ್ಯುಮಿನಿಯಂ ಕೇಸ್ ಆದ್ದರಿಂದ ಕೈಬಲ ತೋರಿಸಿದರೆ ಥ್ರೆಡ್ ಹೋಗುತ್ತದೆ. ಆಯಿಲ್ ಡಬ್ಬದ ಮೇಲೆ ಎರಡು ವಿಷಯ ನೋಡಿ: ಪುಸ್ತಕ ಹೇಳಿದ ಗ್ರೇಡ್, ಉದಾಹರಣೆಗೆ 10ಡಬ್ಲ್ಯು-30 ಅಥವಾ 20ಡಬ್ಲ್ಯು-50, ಜೊತೆಗೆ ಬೈಕಿನ ಆಯಿಲಿಗಿರುವ ಜಪಾನಿ ಮಾನದಂಡದ ಜೆಎಎಸ್ಒ ಎಂಎ ಅಥವಾ ಎಂಎ2 ಗುರುತು. ಗೇರಿನ ಬೈಕುಗಳಲ್ಲಿ ಹೆಚ್ಚಾಗಿ ಕ್ಲಚ್ ಪ್ಲೇಟು ಇದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. ಇಳಿದ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿಗೆ ಕೊಡಿ.

ಕೆಲಸದ ಗುಣಮಟ್ಟದಲ್ಲಿ ಮನೆಯೇ ಗೆಲ್ಲುತ್ತದೆ, ಯಾಕೆಂದರೆ ನಮಗೆ ಸಂಜೆಯೊಳಗೆ ಮುಗಿಸುವ ಆತುರ ಇಲ್ಲ. ಆದರೂ ಹೊಸ ಬೈಕಿನ ಪಟ್ಟಿಯಲ್ಲಿರುವ ಆಯಿಲ್ ಬದಲಾವಣೆಯನ್ನು ನಾನು ಮನೆಯಲ್ಲಿ ಮಾಡುವುದಿಲ್ಲ. ಕೂಲಿಯಲ್ಲಿ ಉಳಿಯುವುದು ಕೆಲವು ನೂರು ರೂಪಾಯಿ. ವಾರಂಟಿ ತಪ್ಪಿ ಇಂಜಿನ್ ಕೆಲಸ ಬಂದರೆ ಕೈಯಿಂದ ಹೋಗುವುದು ಹತ್ತಾರು ಸಾವಿರ. ವಾಲ್ವ್ ಕ್ಲಿಯರೆನ್ಸ್, ಇಂಜೆಕ್ಟರ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬ್ರೇಕಿನ ಆಯಿಲ್ ಕೂಡ ಶೋರೂಮಿನವರಿಗೇ ಬಿಟ್ಟಿದ್ದೇನೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಅದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಾವೇ ನೆನಪಿಸಿ ಕೇಳಬೇಕು.

ಚೈನ್ ಮಾತ್ರ ಪೂರ್ತಿ ನನ್ನದು. ಮಳೆಗಾಲದಲ್ಲಿ 500 ಕಿ.ಮೀ. ತನಕ ಕಾಯುವುದಿಲ್ಲ, ಕೆಸರಲ್ಲಿ ಓಡಿಸಿ ಬಂದ ಮೇಲೆ ಒರೆಸಿ ಎಣ್ಣೆ ಹಾಕುತ್ತೇನೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೃದುವಾದ ಬ್ರಷ್, ಹಳೇ ಬಟ್ಟೆ ಸಾಕು. ಕೊಂಡಿಗಳ ನಡುವೆ ರಬ್ಬರ್ ರಿಂಗ್ ಇರುವ ಒ-ರಿಂಗ್ ಚೈನಿಗೆ ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ, ರಬ್ಬರ್ ರಿಂಗ್ ಹಾಳಾಗುತ್ತದೆ. ಎಣ್ಣೆಗೆ ಸ್ಪ್ರೇ ಲ್ಯೂಬೇ ಆಗಬೇಕೆಂದಿಲ್ಲ. ನಮ್ಮಲ್ಲಿ ಎಷ್ಟೋ ಬೈಕುಗಳ ಪುಸ್ತಕದಲ್ಲಿ ಹೇಳಿರುವುದು ಎಸ್ಎಇ 90 ಗೇರ್ ಆಯಿಲ್. ಒಂದು ಲೀಟರ್ ತಂದರೆ ವರ್ಷಗಟ್ಟಲೆ ಬರುತ್ತದೆ. ಸ್ಪ್ರೇ ಅಷ್ಟು ಸಿಡಿಯುವುದಿಲ್ಲ, ಸುಲಭ, ದುಬಾರಿ. ಗೇರ್ ಆಯಿಲ್ ಅಗ್ಗ, ಆದರೆ ಹೆಚ್ಚಾದದ್ದನ್ನು ಒರೆಸದಿದ್ದರೆ ರಿಮ್ಮಿಗೆಲ್ಲ ಹಾರುತ್ತದೆ. ಮಳೆಯಲ್ಲಿ ನನ್ನ ಆಯ್ಕೆ ಗೇರ್ ಆಯಿಲ್, ಪದೇ ಪದೇ ಹಾಕಲು ಜೇಬಿಗೆ ಭಾರವಾಗುವುದಿಲ್ಲ. ಒಂದು ಮಾತು ಮರೆಯಬೇಡಿ: ಇಂಜಿನ್ ಆನ್ ಮಾಡಿ ಗೇರ್ ಹಾಕಿ ಚೈನ್ ತೊಳೆಯಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ಚಕ್ರ ತಿರುಗಿಸಿ.

ಟೈರಿನ ಗಾಳಿ, ಕ್ಲಚ್ ಕೇಬಲ್ ಆಟ, ಪ್ಯಾಡ್ ಸವೆದಿದೆಯಾ ಎಂದು ನೋಡುವುದು, ಬ್ಯಾಟರಿ ಟರ್ಮಿನಲ್ ಒರೆಸುವುದು ಎಲ್ಲ ಮನೆಯಲ್ಲೇ. ಏರ್ ಫಿಲ್ಟರ್ ಮಾತ್ರ ಜಾಗ್ರತೆ. ಈಗಿನ ಹಲವು ಗಾಡಿಗಳಲ್ಲಿ ಎಣ್ಣೆ ಹಿಡಿದ ಪೇಪರ್ ಫಿಲ್ಟರ್ ಇರುತ್ತದೆ. ಅದಕ್ಕೆ ಗಾಳಿ ಹೊಡೆಯಬಾರದು, ಸಮಯಕ್ಕೆ ಬದಲಾಯಿಸಬೇಕು ಅಷ್ಟೇ.

ಕಾನೂನು ಯಾರ ಪರ?

ಯೂಟ್ಯೂಬಿನಲ್ಲಿ ಅಮೆರಿಕದವರು "ನೀವೇ ಸರ್ವೀಸ್ ಮಾಡಿದರೆ ವಾರಂಟಿ ಹೋಗುವುದಿಲ್ಲ, ಕಾನೂನಿದೆ" ಎಂದು ಹೇಳುವುದನ್ನು ನೋಡಿರಬಹುದು. ಅವರಿಗೆ ಅದು ನಿಜ. 1975ರ ಮ್ಯಾಗ್ನಸನ್-ಮಾಸ್ ಕಾನೂನಿನ ಪ್ರಕಾರ, ನಮ್ಮ ಹತ್ತಿರವೇ ದುಡ್ಡು ಕೊಟ್ಟು ಸರ್ವೀಸ್ ಮಾಡಿಸಿದರೆ ಮಾತ್ರ ವಾರಂಟಿ ಎಂದು ಕಂಪನಿ ಅಲ್ಲಿ ಸಾಮಾನ್ಯವಾಗಿ ಹೇಳುವಂತಿಲ್ಲ. ಆ ಕಾನೂನು ಇಲ್ಲಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳ ವಿರುದ್ಧ ಒಂದು ಆದೇಶ ಕೊಟ್ಟಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ರಿಪೇರಿಯಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತು. ನ್ಯಾಯವಾದ ಮಾತು, ಅಲ್ವಾ? ಆದರೆ ಅದು ಕಾರುಗಳ ಪ್ರಕರಣ. ಬೈಕಿನವರು ಅದನ್ನು ವಾದಕ್ಕೆ ಬಳಸಬಹುದು, ಕೌಂಟರಿನಲ್ಲಿ ತೋರಿಸಿದ ಕೂಡಲೇ ಕೆಲಸ ಆಗುತ್ತದೆ ಎಂದು ನೆಚ್ಚಿಕೊಳ್ಳಬಾರದು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ವಾರಂಟಿಯ ಷರತ್ತು, ಬಿಡಿ ಭಾಗಗಳ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ.

ಹಂಚಿಕೊಂಡು ಮಾಡಿದರೆ

ಈಗ ಹೊಸ ಬೈಕಿಗೆ ನಾನು ಹಿಡಿದಿರುವ ದಾರಿ ಇದು: ಪಟ್ಟಿಯಲ್ಲಿರುವ ಪ್ರತಿ ಸರ್ವೀಸ್ ಶೋರೂಮಿನಲ್ಲಿ, ನಡುವಿನದೆಲ್ಲ ಮನೆಯಲ್ಲಿ. ಒಂದು ಮಳೆಗಾಲದಲ್ಲಿ ಡಿಜಿಟಲ್ ಮೀಟರಿನೊಳಗೆ ನೀರು ಹೋಗಿ ಅಕ್ಷರ ಕಾಣದಾಯಿತು. ಸರ್ವೀಸ್ ಅಡ್ವೈಸರ್ ನೋಡಿದ್ದು ಎರಡೇ. ಸರ್ವೀಸ್‌ಗಳು ಸಮಯಕ್ಕೆ ಆಗಿವೆಯಾ? ವೈರಿಂಗ್ ಮುಟ್ಟಿದ್ದಾರಾ? ಎರಡೂ ಸರಿ ಇತ್ತು, ಮೀಟರ್ ವಾರಂಟಿಯಲ್ಲೇ ಬದಲಾಯಿತು. ಚೈನನ್ನು ಯಾರು ತೊಳೆಯುತ್ತಾರೆ ಎಂದು ಅವರು ಕೇಳಲೇ ಇಲ್ಲ.

ಕಡಿಮೆ ಓಡಿಸುವವರು ಕಿ.ಮೀ. ನೋಡುತ್ತಾ ಕೂರಬೇಡಿ, ತಾರೀಖು ನೋಡಿ. ಓದಲು ಬೇರೆ ಊರಿಗೆ ಹೋಗಿ ಗಾಡಿ ಮನೆಯಲ್ಲೇ ನಿಂತಿದ್ದರೂ ತಿಂಗಳ ಲೆಕ್ಕ ಓಡುತ್ತಲೇ ಇರುತ್ತದೆ. ಮನೆಯಲ್ಲಿ ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಕಿ.ಮೀ., ಏನು ಹಾಕಿದೆ. ಮೀಟರಿನ ಫೋಟೋ, ಸಾಮಾನಿನ ಜಿಎಸ್‌ಟಿ ಬಿಲ್ ಜೊತೆಗಿರಲಿ.

ಇಷ್ಟೆಲ್ಲ ಇದ್ದೂ ಯಾರಾದರೂ "ನೀವೇ ಬಿಚ್ಚಿದ್ದೀರಿ, ವಾರಂಟಿ ಇಲ್ಲ" ಎಂದರೆ ಕೌಂಟರಿನಲ್ಲಿ ಜಗಳ ಬೇಡ. ಯಾವ ಭಾಗ, ಯಾವ ಷರತ್ತಿನ ಪ್ರಕಾರ, ನಮ್ಮ ಯಾವ ಕೆಲಸದಿಂದ ಹಾಳಾಯಿತು ಎಂದು ಜಾಬ್ ಕಾರ್ಡಿನ ಮೇಲೆ ಬರೆದುಕೊಡಲು ಕೇಳಿ. ಆ ಕಾಗದದ ಫೋಟೋ ಸಮೇತ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ದೂರಿನ ನಂಬರನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.