ಹಾಳೆ ತಟ್ಟೆ ತರಿಸಿ, ಬಟ್ಟಲು ಮಾತ್ರ ಬೇಡ

ಸೀಮಂತದ ಹಿಂದಿನ ರಾತ್ರಿ ಹತ್ತೂವರೆ ಗಂಟೆ. ನಾನು ಅಡುಗೆಮನೆ ನೆಲದ ಮೇಲೆ ಹಳೇ ಪೇಪರ್ ಹಾಸಿ, ಅಡಿಕೆ ಹಾಳೆಯ ಹತ್ತು ಬಟ್ಟಲು ಸಾಲಾಗಿ ಇಟ್ಟು, ಒಂದೊಂದಕ್ಕೂ ಬಿಸಿನೀರು ಹೊಯ್ಯುತ್ತಿದ್ದೆ. ನೀರು ಕುಡಿಯೋಕೆ ಬಂದ ನಮ್ಮವರು ಬಾಗಿಲಲ್ಲೇ ನಿಂತರು. "ಏನಿದು, ಈ ಹೊತ್ನಲ್ಲಿ ಪೂಜೆನಾ?" ಅಂದರು. ಅರ್ಧ ಗಂಟೆ ಬಿಟ್ಟು ಎತ್ತಿ ನೋಡಿದೆ. ಮೂರು ಬಟ್ಟಲ ಕೆಳಗೆ ಪೇಪರ್ ಒದ್ದೆ. ತೂತು ಎಲ್ಲೂ ಕಾಣಲಿಲ್ಲ. ಹಾಳೆಯಲ್ಲಿ ನಾರಿನ ಗೆರೆ ಇರುತ್ತಲ್ಲ, ಆ ಗೆರೆಯುದ್ದಕ್ಕೂ ನೀರು ಜಿನುಗಿತ್ತು.

ಹತ್ತಕ್ಕೆ ಮೂರು ಅಂದರೆ ನಲವತ್ತು ಜನರಲ್ಲಿ ಹನ್ನೆರಡು ಜನರ ಮಡಿಲಿಗೆ ಪಾಯಸ. ಬರುವವರೆಲ್ಲ ರೇಷ್ಮೆ ಸೀರೆಯವರು. ಆ ಕ್ಷಣಕ್ಕೇ ಬಟ್ಟಲುಗಳನ್ನು ಒರೆಸಿ ಪಕ್ಕಕ್ಕೆ ಇಟ್ಟೆ, ಅಟ್ಟದ ಮೇಲಿದ್ದ ಸ್ಟೀಲ್ ಬಟ್ಟಲುಗಳನ್ನು ಇಳಿಸಿದೆ. ಮನೆಯಲ್ಲಿ ನಾಲ್ಕು ಜನರನ್ನು ಕರೆದು ಊಟ ಹಾಕುವವರು ಹಾಳೆ ತಟ್ಟೆ ತರಿಸಬಹುದಾ ಅಂತ ನನ್ನನ್ನು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಕಾರ್ಯಕ್ರಮ ನನ್ನ ತಂಗಿ ಮಗಳದ್ದು, ಬಯಕೆ ಊಟ. ಜಾಗ ಮೈಸೂರಿನ ನಮ್ಮ ಮನೆ, ಮೊದಲನೇ ಮಹಡಿ. ಛತ್ರ ಬೇಡ, ಮನೆಯಲ್ಲೇ ಆಗಲಿ ಅಂತ ಹಟ ಮಾಡಿದ್ದು ನಾನೇ. ಫೆಬ್ರವರಿ, ಮದುವೆಗಳ ಕಾಲ. ಬಾಳೆಲೆಗೆ ಮಾರ್ಕೆಟ್ಟಿನಲ್ಲಿ ಹೇಳಿದ್ದೇ ರೇಟು. ಬಾಡಿಗೆ ಸ್ಟೀಲ್ ತಟ್ಟೆ ಹಿಂದೊಮ್ಮೆ ಒಂದು ಕಡೆಯಿಂದ ತಂದು ಸಾಕಾಗಿತ್ತು. ಅಂಚಿನ ಮಡಿಕೆಯಲ್ಲಿ ಯಾರದೋ ಮನೆಯ ಎಣ್ಣೆ ಜಿಡ್ಡು ಹಾಗೇ ಇತ್ತು. ಅಷ್ಟನ್ನೂ ನಾವೇ ತೊಳೆದು ಬಳಸಿ, ಮತ್ತೆ ತೊಳೆದು ವಾಪಸ್ ಕೊಟ್ಟೆವು. ಇನ್ನು ಪ್ಲಾಸ್ಟಿಕ್ ಮಾತು ಬೇಡವೇ ಬೇಡ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ-ಲೋಟ 2016ರಲ್ಲೇ ನಿಷೇಧ ಆಗಿದೆ. ಆದರೂ ಕೇಳಿದರೆ ಅಂಗಡಿಯ ಒಳಗಿನಿಂದ ತಂದು ಕೊಡುವವರಿದ್ದಾರೆ, ಅದು ಬೇರೆ ಕಥೆ.

ನಾನು ಹುಟ್ಟಿ ಬೆಳೆದಿದ್ದು ಮಲೆನಾಡಿನ ಸಾಗರದ ಕಡೆ. ಹಾಳೆ ನನಗೆ ಹೊಸದಲ್ಲ. ಅಡಿಕೆ ಮರದ ಸೋಗೆ ಉದುರುವಾಗ ಅದರ ಬುಡದಲ್ಲಿ ಕಾಂಡವನ್ನು ತಬ್ಬಿಕೊಂಡಿರುವ ಅಗಲವಾದ ಭಾಗವೂ ಜೊತೆಗೇ ಬೀಳುತ್ತದೆ. ಅದೇ ಹಾಳೆ. ಚಿಕ್ಕವರಿದ್ದಾಗ ಅದರ ಮೇಲೆ ಒಬ್ಬರು ಕೂರುವುದು, ಸೋಗೆ ಹಿಡಿದು ಇನ್ನೊಬ್ಬರು ಎಳೆಯುವುದು, ಅದೇ ನಮ್ಮ ಗಾಡಿ. ತೋಟದ ಕೆಲಸದವರ ತಲೆ ಮೇಲಿನ ಟೊಪ್ಪಿಯೂ ಹಾಳೆಯದೇ. ಈಗ ಅಣ್ಣನ ಮನೆ ಹತ್ತಿರ ಒಬ್ಬರು ತಟ್ಟೆ ಒತ್ತುವ ಮಷಿನ್ ಇಟ್ಟಿದ್ದಾರೆ. ಹೋದ ಸಲ ಊರಿಗೆ ಹೋದಾಗ ಅಲ್ಲೇ ಒಂದು ಗಂಟೆ ನಿಂತು ನೋಡಿದೆ. ಒಣ ಹಾಳೆಯನ್ನು ನೀರಿನ ತೊಟ್ಟಿಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಸ್ವಲ್ಪ ನೀರಾರಿಸಿ ಕಾದ ಅಚ್ಚಿನ ಮೇಲೆ ಹಾಸುತ್ತಾರೆ. ಮೇಲಿನ ಅಚ್ಚು ಇಳಿದ ಕೂಡಲೇ ಚುಂಯ್ ಅಂತ ಆವಿ. ಎತ್ತಿದರೆ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಹಾಳೆ ಅಗಲವಾಗಿದ್ದರೆ ಎರಡು ದೊಡ್ಡ ತಟ್ಟೆ ಬರುತ್ತವೆ, ಬದಿಯ ಚೂರುಪಾರಿನಲ್ಲಿ ಬಟ್ಟಲು. ಬಟ್ಟಲು ಯಾಕೆ ಸೋರುತ್ತದೆ ಅಂತ ನನಗೆ ಆಮೇಲೆ ಹೊಳೆದದ್ದು ಇದನ್ನು ನೆನೆಸಿಕೊಂಡಾಗ. ಅಂಚಿನ ಹಾಳೆ ತೆಳು. ಆಳವಾಗಿ ಒತ್ತಿದರೆ ನಾರು ಬಿಟ್ಟುಕೊಳ್ಳುತ್ತದೆ.

ಅಲ್ಲಿಂದಲೇ ತರಿಸಿದೆ. ಹನ್ನೆರಡು ಇಂಚಿನ ತಟ್ಟೆ 50, ಒಂದಕ್ಕೆ 8 ರೂಪಾಯಿ. ಆರು ಇಂಚಿನ ಚಿಕ್ಕ ತಟ್ಟೆ 50, ಒಂದಕ್ಕೆ 3. ಬಟ್ಟಲು 50, ಒಂದಕ್ಕೆ ಎರಡೂವರೆ. ಒಟ್ಟು 675, ಬಸ್ಸಿನ ಪಾರ್ಸೆಲ್ಲಿಗೆ 120. ಇದಕ್ಕಿಂತ ಮೊದಲು ಒಂದು ಸಲ ಆನ್‌ಲೈನಿನಲ್ಲಿ 25 ತಟ್ಟೆ ತರಿಸಿದ್ದೆ. 340 ರೂಪಾಯಿ ಕೊಟ್ಟಿದ್ದೆ, ಅದೂ ಹತ್ತೇ ಇಂಚಿನದ್ದು. ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಪರಿಸರ ಸ್ನೇಹಿ ಅಂತ ಬರೆದಿದ್ದೂ ಅದೇ ಪ್ಲಾಸ್ಟಿಕ್ಕಿನ ಮೇಲೆ!

ಬೂಷ್ಟಿನ ವಿಷಯ ಗೊತ್ತಿರಬೇಕು. ಹಾಳೆ ಅಂದ ಮೇಲೆ ಕಂದು ಕಲೆ, ಕಪ್ಪು ಗೆರೆ ಇದ್ದೇ ಇರುತ್ತವೆ. ಅದು ಅದರ ಹುಟ್ಟುಗುಣ. ಬೆರಳಿನಿಂದ ಉಜ್ಜಿ ನೋಡಿ. ಪುಡಿ ಬಂದರೆ, ಹಸಿರು ಛಾಯೆ ಇದ್ದರೆ, ಮಳೆಗಾಲದ ಚೀಲದ ವಾಸನೆ ಬಂದರೆ ಅದು ಬೂಷ್ಟು. ಎಸೆದುಬಿಡಿ, ತೊಳೆದು ಬಳಸೋಣ ಅಂತ ನೋಡಬೇಡಿ. ಇನ್ನೊಂದು ಉಪಾಯ ಮಷಿನ್ನಿನವರೇ ಹೇಳಿಕೊಟ್ಟಿದ್ದು. ಉಗುರಿನಿಂದ ತಟ್ಟಿದರೆ ಚೆನ್ನಾಗಿ ಒಣಗಿದ ತಟ್ಟೆ ಟಕ್ ಅನ್ನುತ್ತದೆ, ಪಸೆ ಇರುವುದು ದಪ್ ಅನ್ನುತ್ತದೆ. ನಾನು ಪಾರ್ಸೆಲ್ ಬಂದ ದಿನವೇ ಎಲ್ಲವನ್ನೂ ಟೆರೇಸಿನ ಮೇಲೆ ಒಂದು ಹಗಲು ಬಿಸಿಲಿಗೆ ಹಾಕಿದೆ. ಬಳಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಈ ಸಲ ಒಂದೂ ಕೆಟ್ಟದ್ದು ಇರಲಿಲ್ಲ.

ಊಟದ ದಿನ ತಟ್ಟೆಗೆ ನಾನು ಕೊಡುವ ಅಂಕ ಹತ್ತಕ್ಕೆ ಎಂಟು. ನೆಲದ ಮೇಲೆ ಎರಡು ಪಂಕ್ತಿ. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಪುಳಿಯೋಗರೆ, ಆಂಬೊಡೆ, ಹೋಳಿಗೆ, ಅನ್ನ, ಸಾರು, ಮಜ್ಜಿಗೆ ಹುಳಿ, ಕೊನೆಗೆ ಮೊಸರನ್ನ. ಹನ್ನೆರಡು ಇಂಚಿನಲ್ಲಿ ಇಷ್ಟೂ ಹಿಡಿಯುತ್ತದೆ, ಹತ್ತು ಇಂಚು ಸಾಲುವುದಿಲ್ಲ. ಬಾಳೆಲೆಯಲ್ಲಿ ಸಾರು ಬಡಿಸಿದರೆ ಅನ್ನದ ಕಟ್ಟೆ ಕಟ್ಟಿಕೊಂಡು ಕೂರಬೇಕು, ಒಂದು ಕಡೆ ಒಡೆದರೆ ಪಂಚೆಗೇ. ಇಲ್ಲಿ ಎದ್ದು ನಿಂತ ಅಂಚಿದೆ, ಸಾರು ಎಲ್ಲೂ ಓಡಿ ಹೋಗುವುದಿಲ್ಲ. ಮುತ್ತುಗದ ಎಲೆಯ ಹಾಗೆ ಕಡ್ಡಿ ಚುಚ್ಚಿದ ಸಂದಿಯಿಂದ ಸೋರುವ ಕಾಟವೂ ಇಲ್ಲ. ನಲವತ್ತರಲ್ಲಿ ಒಂದು ತಟ್ಟೆಯೂ ಮೆತ್ತಗಾಗಲಿಲ್ಲ. ಹುಡುಗರು ಎರಡನೇ ಸಲ ಬಡಿಸಿಕೊಂಡು ಟೆರೇಸಿಗೆ ಎತ್ತಿಕೊಂಡು ಹೋದರು, ಒಂದೇ ಕೈಯಲ್ಲಿ.

ಕಳೆದ ಎರಡು ಅಂಕ ಎಲ್ಲಿ ಹೋಯಿತು ಅಂದರೆ, ಒಂದು ತುಪ್ಪಕ್ಕೆ. ಹೋಳಿಗೆ ಮೇಲೆ ಧಾರಾಳವಾಗಿ ತುಪ್ಪ ಹಾಕಿಸಿಕೊಂಡರೆ ಅರ್ಧ ತುಪ್ಪವನ್ನು ತಟ್ಟೆಯೇ ಕುಡಿಯುತ್ತದೆ. ಹೋಳಿಗೆ ಎತ್ತಿದಾಗ ಕೆಳಗೆ ಕಡು ಕಂದು ಬಣ್ಣದ ವೃತ್ತ. ಇನ್ನೊಂದು ಅಂಕ ವಾಸನೆಗೆ. ಬಿಸಿ ಅನ್ನ ಬಿದ್ದಾಗ ಬಾಳೆಲೆಯಿಂದ ಒಂದು ಘಮ ಏಳುತ್ತದಲ್ಲ, ಅದು ಇಲ್ಲಿಲ್ಲ. ಇಲ್ಲಿ ಒದ್ದೆ ಕಟ್ಟಿಗೆಯ ವಾಸನೆ, ತೀರಾ ಮೆಲ್ಲಗೆ. ನನಗೆ ಅದು ತೋಟದ ನೆನಪು, ಹಾಗಾಗಿ ಇಷ್ಟ. ನಮ್ಮ ಅತ್ತೆಗೆ ಆಗಲಿಲ್ಲ. "ಚೆನ್ನಾಗಿದೆ ಕಣೇ, ಆದ್ರೆ ಮರದ ಮೇಲೆ ಊಟ ಮಾಡ್ದಂಗಾಯ್ತು" ಅಂದರು.

ಗಲಾಟೆ ಆದದ್ದು ಬೇರೆ ವಿಷಯಕ್ಕೆ. ಎಲ್ಲರೂ ಕೂತ ಮೇಲೆ ತಂಗಿ ಮಗಳು ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ದೊಡ್ಡಮ್ಮಾ, ಬೇಜಾರು ಮಾಡ್ಕೋಬೇಡ. ನಂಗೆ ಈ ತಟ್ಟೆ ಬೇಡ" ಅಂದಳು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿತಲ್ಲ, ಆ ಸುದ್ದಿ. ಅಡಿಕೆ ಮರದಲ್ಲಿರುವ ಅರೆಕೋಲಿನ್‌ನಂಥ ಹಾನಿಕರ ರಾಸಾಯನಿಕಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ವಾದ. ನಮ್ಮೂರಿನ ಕಡೆ ಆಗ ಇದು ದೊಡ್ಡ ಸುದ್ದಿಯಾಗಿತ್ತು, ತಟ್ಟೆ ಒತ್ತುವವರ ಹೊಟ್ಟೆಪಾಡಿನ ಪ್ರಶ್ನೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಬಸುರಿ ಹುಡುಗಿಯನ್ನು ಒಂದು ಮಾತು ಕೇಳಿರಲಿಲ್ಲ, ಅದು ನನ್ನದೇ ತಪ್ಪು. ದೇವರ ನೈವೇದ್ಯಕ್ಕೆ ಅಂತ ಐದು ಬಾಳೆಲೆ ತಂದಿದ್ದೆ. ಒಂದನ್ನು ತೊಳೆದು ಅವಳ ಮುಂದೆ ಹಾಕಿದೆ. ಮದುಮಗಳ ಹಾಗೆ ಅವಳೊಬ್ಬಳದೇ ಹಸಿರು ಎಲೆ. ನೋಡೋಕೂ ಚೆನ್ನಾಗಿಯೇ ಇತ್ತು.

ಇದನ್ನು ಕೇಳಿಸಿಕೊಂಡ ನಮ್ಮ ಚಿಕ್ಕಪ್ಪ ತಾವೂ ತಟ್ಟೆ ದೂಡಿದರು. "ನಂಗೂ ಬಾಳೆಲೆನೇ ಹಾಕಮ್ಮಾ, ಈ ವಯಸ್ಸಲ್ಲಿ ಅದೆಲ್ಲ ಯಾಕೆ." ಹಾಕಿದೆ. ಉಂಡು ಕೈ ತೊಳೆದು ಬಂದವರೇ ಕೇಳಿದ್ದು ಏನು ಗೊತ್ತಾ? "ಎಲೆ-ಅಡಿಕೆ ಎಲ್ಲಿಟ್ಟಿದೀಯಾ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ನನ್ನ ಲೆಕ್ಕ ಇಷ್ಟು. ವರ್ಷದಲ್ಲಿ ಎರಡೋ ಮೂರೋ ದಿನ ಹಾಳೆ ತಟ್ಟೆಯಲ್ಲಿ ಉಂಡರೆ ನನಗೆ ಭಯವಿಲ್ಲ. ಆದರೆ ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಬೇರೆ ಎಲೆ ಹಾಕುವುದು ಈಗ ನಮ್ಮ ಮನೆಯ ನಿಯಮ. ಕುದಿಯುವ ಸಾರನ್ನೋ ಹುಳಿ ಪದಾರ್ಥವನ್ನೋ ಅದರಲ್ಲಿ ಗಂಟೆಗಟ್ಟಲೆ ಇಡುವುದೂ ಇಲ್ಲ.

ಹುಳಿ ಅಂದಾಗ ಮುರುಗಲು ನೆನಪಾಯಿತು. ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುತ್ತಾರೆ, ನಮ್ಮಲ್ಲಿ ಮುರುಗಲು. 200 ಗ್ರಾಂ ಒಣ ಸಿಪ್ಪೆಯನ್ನು ಹಿಂದಿನ ರಾತ್ರಿ ಸ್ಟೀಲ್ ಪಾತ್ರೆಯಲ್ಲಿ ನೆನೆಹಾಕಿದೆ. ಬೆಳಿಗ್ಗೆ ಕಿವುಚಿ ಸೋಸಿ, 700 ಗ್ರಾಂ ಸಕ್ಕರೆ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಒಟ್ಟು ಆರು ಲೀಟರ್ ಶರಬತ್ತು. ಒಂದು ಹಾಳೆ ಬಟ್ಟಲಲ್ಲಿ ಹಾಕಿ ನೋಡೋಣ ಅಂತ ಆಸೆಯಾಯಿತು. ಮಣ್ಣಿನ ಬಣ್ಣದ ಬಟ್ಟಲಿನಲ್ಲಿ ಕಡುಗೆಂಪು, ನೋಡಲು ಏನು ಚಂದ! ಕಾಲು ಗಂಟೆಯಲ್ಲಿ ಬಟ್ಟಲಿನ ಹೊರಮೈಗೂ ಕೆಂಪು ಗೆರೆ ಮೂಡಿತು, ಬಾಯಿಗಿಟ್ಟರೆ ಹಿಂದಿನಿಂದ ಒಂದು ಒಗರು. ಗಾಜಿನ ಲೋಟವೇ ವಾಸಿ.

ಆರು ಇಂಚಿನ ತಟ್ಟೆ ಮಾತ್ರ ನಿಜವಾಗಿ ಗೆದ್ದಿತು. ಅತ್ತಿಗೆ ಊರಿನಿಂದ ತೊಡೆದೇವು ಕಳಿಸಿದ್ದರು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಬಟ್ಟೆಯಿಂದ ತೊಡೆದು ಮಾಡುವ ಸಿಹಿ. ಕಾಗದಕ್ಕಿಂತ ತೆಳು, ಮುಟ್ಟಿದರೆ ಮುರಿಯುತ್ತದೆ. ಪಿಂಗಾಣಿ ತಟ್ಟೆಯಲ್ಲಿ ಇಟ್ಟರೆ ಜಾರಿ ಅಂಚಿಗೆ ಬಡಿದು ಚೂರಾಗುತ್ತದೆ. ಹಾಳೆಯ ಒರಟು ಮೈಮೇಲೆ ಕೂರಿಸಿದ ಹಾಗೇ ಕೂತಿತು. ಮೇಲೆ ಒಂದು ಚಮಚ ತುಪ್ಪ. ಕರುಂ ಕರುಂ ಶಬ್ದ ಬಿಟ್ಟರೆ ಹಾಲ್‌ನಲ್ಲಿ ಐದು ನಿಮಿಷ ಮಾತಿಲ್ಲ. ಮೈಸೂರಿನ ನೆಂಟರು ಇದು ಯಾವ ಬೇಕರಿಯದು ಅಂತ ಕೇಳಿದರು.

ಬಾಗಿಲ ಅಲಂಕಾರಕ್ಕೂ ಹಾಳೆಯೇ ಆಯಿತು. ನಾಲ್ಕು ತಟ್ಟೆಗೆ ಅಂಚು ಸೊಟ್ಟಗಿತ್ತು. ಅವಕ್ಕೆ ಮಕ್ಕಳಿಂದ ಹಸೆ ಚಿತ್ತಾರ ಬರೆಸಿದೆ. ನಮ್ಮ ಸೀಮೆಯ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ತಾರ ಅದು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅವರ ಕೈಯ ನೇರ ನಮಗೆಲ್ಲಿ ಬರಬೇಕು? ನಾವು ಬರೆದದ್ದು ಅದರ ದೂರದ ನೆಂಟ ಅಷ್ಟೇ. ಮೊದಲ ಸಲ ಬರೀ ನೀರಿನಲ್ಲಿ ಕಲಸಿದ ಕೆಮ್ಮಣ್ಣು ಬಳಿದೆವು. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬಂತು. ಎರಡನೇ ಸಲ ಮಣ್ಣಿಗೆ ಎರಡು ಚಮಚ ಫೆವಿಕಾಲ್ ಸೇರಿಸಿದ ಮೇಲೆ ಹಿಡಿಯಿತು. ಬಿಳಿ ಗೆರೆಗೆ ಇಯರ್ ಬಡ್ಸ್ ಕಡ್ಡಿ. ಮೇಲೆರಡು ತೂತು, ಗೋಣಿ ದಾರ. ಬಂದವರೆಲ್ಲ ಮೊದಲು ಅದರ ಫೋಟೋ ತೆಗೆದರು, ಆಮೇಲೆ ಚಪ್ಪಲಿ ಬಿಟ್ಟರು.

ಪಕ್ಕಕ್ಕೆ ಇಟ್ಟಿದ್ದ ಬಟ್ಟಲುಗಳೂ ದಂಡವಾಗಲಿಲ್ಲ. ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ, ಕುಂಕುಮದ ಪೊಟ್ಟಣ, ಒಂದು ಕೊಬ್ಬರಿ ಮಿಠಾಯಿ, ಹೀಗೆ ತುಂಬಿಸಿ ತಾಂಬೂಲಕ್ಕೆ ಕೊಟ್ಟೆ. ಒಣ ಪದಾರ್ಥಕ್ಕೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಚಿಕ್ಕಪ್ಪ ಎರಡು ತೆಗೆದುಕೊಂಡರು.

ಇನ್ನು ಮಣ್ಣಲ್ಲಿ ಕರಗುವ ಮಾತು. ಆ ಆನ್‌ಲೈನ್ ಪ್ಯಾಕೆಟ್ಟಿನ ಮೇಲೆ 60 ದಿನಕ್ಕೆ ಮಣ್ಣಾಗುತ್ತದೆ ಅಂತ ಇತ್ತು. ನಾನು ಉಂಡ ತಟ್ಟೆಗಳಲ್ಲಿ ಆರನ್ನು ಹರಿದು ಟೆರೇಸಿನ ಗೊಬ್ಬರದ ಡಬ್ಬಿಗೆ ಹಾಕಿದೆ. ಹರಿಯುವುದೇ ಒಂದು ಸಾಹಸ, ಕೊನೆಗೆ ಕತ್ತರಿ ಬೇಕಾಯಿತು. ಎರಡು ತಿಂಗಳ ಮೇಲೆ ಮೊನ್ನೆ ಕೆದಕಿ ನೋಡಿದೆ. ತರಕಾರಿ ಸಿಪ್ಪೆ ಎಲ್ಲ ಮಣ್ಣಾಗಿದೆ. ಹಾಳೆ ಚೂರು ಕಪ್ಪಾಗಿ ಮೆತ್ತಗಾಗಿದೆ, ನಾರು ಇನ್ನೂ ಹಾಗೇ ಇದೆ. ಮತ್ತೆ ಮುಚ್ಚಿಟ್ಟಿದ್ದೇನೆ. ಉಳಿದ ತಟ್ಟೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ, ನಾಮಕರಣಕ್ಕೆ ಇನ್ನೂ ಮೂವತ್ತು ಬೇಕು. ಮಳೆ ಹಿಡಿಯುವ ಮುಂಚೆ ಅಣ್ಣನಿಗೆ ಫೋನ್ ಮಾಡಬೇಕು.